ನಗರದ ಶಾಲೆಗಳಲ್ಲಿ ಟ್ಯಾಪ್, ಸ್ಟೆಪ್ಪಿಂಗ್‌ನಂಥ ತಾಳದ ನೃತ್ಯ ಕಲಿಸೋಕೆ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಟ್ಯಾಪ್ ಶೂ (ಅಡಿಗೆ ಲೋಹದ ತುಂಡು ಹಾಕಿದ ಶೂ), ಮರದ ನೆಲ ಎರಡೂ ಇಲ್ಲದ ಶಾಲೆಯಲ್ಲಿ ಇದು ಸಾಧ್ಯವಾ? ಪಕ್ಕದ ಕ್ಲಾಸಿಗೆ ಗಲಾಟೆ ಆಗುತ್ತದೆ ಅಂತ ಶಾಲೆಯವರು ಬೇಡ ಅಂದರೆ ಏನು ಮಾಡೋದು? ಯಾವ ನೃತ್ಯವನ್ನೂ ಕಲಿಯದ ನಲವತ್ತು ಮಕ್ಕಳಿಗೆ ಮೊದಲ ದಿನ ಏನು ಹೇಳಿಕೊಡೋದು? ನಾನು ಕೆಲವು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಸರಿಹೋದರೆ ಉಳಿದೆರಡು ಅರ್ಧ ಹಗುರಾಗುತ್ತವೆ.

ಮೊದಲ ದಿನ ಹೆಜ್ಜೆ ಹೇಳಿಕೊಡಬೇಡಿ. ಡೆಸ್ಕುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ದುಂಡಗೆ ನಿಲ್ಲಿಸಿ. ನಿಂತಲ್ಲೇ ಎಡ, ಬಲ, ಎಡ, ಬಲ ಅಂತ ಎಲ್ಲರೂ ಒಂದೇ ವೇಗದಲ್ಲಿ ಕಾಲಾಡಿಸಲಿ. ಅದರ ಮೇಲೆ ನೀವು ನಾಲ್ಕು ಎಣಿಕೆಯ ಒಂದು ಚಪ್ಪಾಳೆ ಹಾಕಿ, ಅವರು ಅದನ್ನೇ ತಿರುಗಿ ಹಾಕಲಿ. ಎರಡು ಮೂರು ಸುತ್ತಾದ ಮೇಲೆ ನಾಲ್ಕನೇ ಎಣಿಕೆಯನ್ನು ಖಾಲಿ ಬಿಡಿ. ಅಲ್ಲಿ ಯಾರೂ ಸದ್ದು ಮಾಡಬಾರದು. ನಲವತ್ತು ಮಕ್ಕಳಲ್ಲಿ ಹತ್ತು ಮಂದಿಯಾದರೂ ಆ ಖಾಲಿ ಜಾಗಕ್ಕೆ ಬಿದ್ದೇ ಬೀಳುತ್ತಾರೆ, ಎಲ್ಲರೂ ನಗುತ್ತಾರೆ. ಮತ್ತೆ ಹಾಕಿಸಿ. ಆ ಒಂದು ಎಣಿಕೆ ಪೂರ್ತಿ ನಿಶ್ಶಬ್ದವಾಗುವವರೆಗೆ ಬಿಡಬೇಡಿ. ಈ ನೃತ್ಯಗಳಲ್ಲಿ ಕುಣಿಯುವವನೇ ವಾದ್ಯಗಾರ. ಕೈಕಾಲು ಆಡಿಸುವುದಕ್ಕಿಂತ ಮೊದಲು ಕಿವಿ ತೆರೆಯಬೇಕು. ನಾನು ಶಾಲೆಗಳಲ್ಲಿ ಕಲಿಸುವುದು ಮುಖ್ಯವಾಗಿ ಕೇಳುವುದನ್ನು. ಹೆಜ್ಜೆ ಅದರ ಹಿಂದೆ ಬರುತ್ತದೆ.

ಎರಡನೇ ಪೀರಿಯಡ್‌ನಲ್ಲಿ ಒಂದೇ ಪಾದದಿಂದ ಎಷ್ಟು ಬಗೆಯ ಸದ್ದು ಬರುತ್ತದೆ ಅಂತ ಅವರೇ ಹುಡುಕಲಿ. ಪಾದದ ಮುಂಭಾಗ, ಹಿಮ್ಮಡಿ, ಪೂರ್ತಿ ಅಂಗಾಲು, ನೆಲ ಸವರಿಕೊಂಡು ಹೋಗುವ ಉಜ್ಜು. ಸಾಮಾನ್ಯ ಕ್ಯಾನ್ವಾಸ್ ಶೂನಲ್ಲೂ ಈ ನಾಲ್ಕೂ ಬೇರೆ ಬೇರೆಯಾಗಿ ಕೇಳುತ್ತವೆ. ಟ್ಯಾಪ್‌ನ ಶಫಲ್ ಅಂದರೆ ಪಾದ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ನೆಲ ಸವರಿದಾಗ ಬರುವ ಎರಡು ಸದ್ದು. ಬಾಲ್ ಚೇಂಜ್ ಅಂದರೆ ಒಂದು ಪಾದದ ಮುಂಭಾಗದಿಂದ ಇನ್ನೊಂದಕ್ಕೆ ಭಾರ ಬದಲಿಸುವುದು. ಸದ್ದುಗಳನ್ನು ಮೊದಲೇ ಹುಡುಕಿಕೊಂಡ ಮಕ್ಕಳಿಗೆ ಇವು ಕಷ್ಟವೆನಿಸುವುದಿಲ್ಲ, ತಾವು ಕಂಡುಕೊಂಡದ್ದಕ್ಕೆ ಹೆಸರು ಸಿಕ್ಕಿತು ಅಷ್ಟೇ ಅಂದುಕೊಳ್ಳುತ್ತಾರೆ.

ಎಣಿಕೆಗೆ ನಾನು ಒಂದು ಎರಡು ಮೂರು ಬಳಸುವುದು ಕಡಿಮೆ, ಬಾಯಲ್ಲಿ ಸೊಲ್ಲು ಹೇಳಿಸುತ್ತೇನೆ. ತಕದಿಮಿ, ತಕಿಟ ನಮಗೆ ಹೊಸದಲ್ಲ. 1996ರಲ್ಲಿ ಅಮೆರಿಕದ ಮೂವರು ಸಂಗೀತ ಶಿಕ್ಷಕರು ಇವೇ ಸೊಲ್ಲುಗಳಿಂದ ಸ್ಫೂರ್ತಿ ಪಡೆದು ‘ತಕದಿಮಿ’ ಅನ್ನುವ ಹೆಸರಲ್ಲೇ ಲಯ ಕಲಿಸುವ ಕ್ರಮವೊಂದನ್ನು ರೂಪಿಸಿದರು. ಅಲ್ಲಿನ ತರಗತಿಗಳಲ್ಲಿ ಅದು ಬಳಕೆಯಲ್ಲಿದೆ. ಬಾಯಿಗೆ ಬಂದದ್ದು ಕಾಲಿಗೆ ಬೇಗ ಬರುತ್ತದೆ. ಬಾಯಲ್ಲೇ ತೊಡರಿದರೆ ಕಾಲಿನಲ್ಲಿ ಖಂಡಿತ ಬರುವುದಿಲ್ಲ.

ಇನ್ನು ಶೂ ಮತ್ತು ನೆಲ. ಟ್ಯಾಪ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡರೆ ಶೂ ಇಲ್ಲ ಅನ್ನುವುದೇ ದೊಡ್ಡ ಗೋಡೆಯಾಗಿ ಕಾಣುತ್ತದೆ. ಆದರೆ ಈ ಕುಟುಂಬದ ಎಷ್ಟೋ ನೃತ್ಯಗಳು ಕೈಗೆ ಸಿಕ್ಕಿದ್ದನ್ನು ವಾದ್ಯ ಮಾಡಿಕೊಂಡೇ ಬೆಳೆದವು. 1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸಿಕೊಂಡು ದಂಗೆಯೆದ್ದರು. ಮರುವರ್ಷ ಬಂದ ಕಾನೂನು ಅವರು ಡೋಲು, ಕೊಂಬುಗಳನ್ನು ಬಳಸದಂತೆ ನಿಷೇಧಿಸಿತು. ತಾಳ ಮಾತ್ರ ಹೋಗಲಿಲ್ಲ. ಅಂಗೈ, ತೊಡೆ, ಎದೆ, ಪಾದಗಳಲ್ಲಿ ಉಳಿಯಿತು. ಪ್ಯಾಟಿಂಗ್ ಜೂಬಾ, ಹ್ಯಾಂಬೋನ್ ಎಂದು ಕರೆಯುವುದು ಅದನ್ನೇ. (ನಿಷೇಧದಿಂದಲೇ ಇದು ಹುಟ್ಟಿತು ಅಂತ ಮಕ್ಕಳಿಗೆ ಹೇಳಬೇಡಿ. ಮೈಯನ್ನೇ ವಾದ್ಯ ಮಾಡಿಕೊಳ್ಳುವ ರೂಢಿ ಆಫ್ರಿಕಾದಲ್ಲಿ ಅದಕ್ಕೂ ಮೊದಲೇ ಇತ್ತು.) ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸುತ್ತಿನ ಚಿನ್ನದ ಗಣಿಗಳಲ್ಲಿ ಕೆಲಸಗಾರರು ತೊಟ್ಟಿದ್ದ ರಬ್ಬರ್ ಬೂಟುಗಳನ್ನೇ ಬಡಿದು ಗಮ್‌ಬೂಟ್ ನೃತ್ಯ ಬೆಳೆಸಿದರು. ಅಮೆರಿಕದ ಕಾಲೇಜುಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘಗಳು ಸಾಲಾಗಿ ನಿಂತು ಚಪ್ಪಾಳೆ, ಹೆಜ್ಜೆ, ಮಾತು ಬೆರೆಸಿ ಸ್ಟೆಪ್ಪಿಂಗ್ ಕಟ್ಟಿದವು. 1994ರಲ್ಲಿ ಶುರುವಾದ ಸ್ಟೆಪ್ ಆಫ್ರಿಕಾ ತಂಡ ಈ ಸ್ಟೆಪ್ಪಿಂಗ್ ಮತ್ತು ದಕ್ಷಿಣ ಆಫ್ರಿಕಾದ ನೃತ್ಯಗಳ ನಡುವೆ ಕೊಂಡಿ ಹಾಕಿತು. ಶಾಲೆಗಳಲ್ಲೂ ಕೆಲಸ ಮಾಡುತ್ತದೆ, ಅವರ ವಿಡಿಯೋಗಳನ್ನು ಮಕ್ಕಳಿಗೆ ತೋರಿಸಿ.

ಹಾಗಾಗಿ ನನ್ನ ಕ್ರಮ ಹೀಗೆ: ಮೊದಲು ಮೈತಾಳ, ಆಮೇಲೆ ಸ್ಟೆಪ್ಪಿಂಗ್, ಟ್ಯಾಪ್ ಕೊನೆಗೆ. ಟ್ಯಾಪ್ ಗುರುಗಳಿಗೆ ಇದು ಒಪ್ಪಿಗೆಯಾಗುವುದಿಲ್ಲ. ಲೋಹದ ತುಂಡಿನ ಟಿಕ್ ಸದ್ದಿನಲ್ಲೇ ಮಕ್ಕಳ ಆಸೆ ಇರುವುದು ಅನ್ನುತ್ತಾರೆ, ಅದೂ ನಿಜವೇ. ಆದರೆ ಹತ್ತು ಜೊತೆ ಶೂ ತಂದು ನಲವತ್ತು ಮಕ್ಕಳಿಗೆ ಸರದಿ ಮಾಡಿದರೆ ಮೂವತ್ತು ಮಕ್ಕಳು ಪೀರಿಯಡ್‌ನ ಬಹುಪಾಲು ಕೂತಿರುತ್ತಾರೆ. ಕೂತ ಮಕ್ಕಳು ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತು.

ಶೂಗಿಂತ ನನಗೆ ಹೆಚ್ಚು ಚಿಂತೆ ನೆಲದ್ದು. ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಕಿದ ನೆಲ ಸ್ವಲ್ಪವೂ ಬಗ್ಗುವುದಿಲ್ಲ. ಕುಟ್ಟಿದ ಪೆಟ್ಟು ತಿರುಗಿ ಮೊಣಕಾಲಿಗೆ, ಮುಂಗಾಲ ಮೂಳೆಗೆ ಬರುತ್ತದೆ. ವಾರಕ್ಕೊಂದು ಪೀರಿಯಡ್‌ನಲ್ಲಿ ಮಕ್ಕಳಿಗೆ ಗೊತ್ತಾಗದಿರಬಹುದು, ದಿನಕ್ಕೆ ಐದು ಕ್ಲಾಸ್ ತೆಗೆದುಕೊಳ್ಳುವ ನಿಮಗೆ ತಿಂಗಳಲ್ಲಿ ಗೊತ್ತಾಗುತ್ತದೆ. ನೃತ್ಯಕ್ಕೆಂದು ಕಟ್ಟಿದ ನೆಲದಲ್ಲಿ ಮರದ ಹಲಗೆಯ ಕೆಳಗೆ ಗಾಳಿಗೆ ಜಾಗವೋ ಫೋಮ್ ಪದರವೋ ಇರುತ್ತದೆ. ಶಾಲೆಗೆ ಅಷ್ಟು ಬೇಕಿಲ್ಲ. ಗಟ್ಟಿ ಪ್ಲೈವುಡ್ ಹಾಳೆಗಳ ಕೆಳಗೆ ರಬ್ಬರ್ ತುಂಡುಗಳನ್ನು ಅಂಟಿಸಿ, ಅಂಚುಗಳಿಗೆ ಅಗಲ ಟೇಪ್ ಹಾಕಿ. ನಾಲ್ಕಡಿ ಎಂಟಡಿಯ ಒಂದು ಹಾಳೆ ಇಬ್ಬರಿಗೆ ಸಾಕು. ಹಲಗೆ ಸಿಗದಿದ್ದರೆ ಜಿಗಿತಗಳನ್ನು ಪೂರ್ತಿ ಬಿಡಿ, ಮಂಡಿ ಸಡಿಲ ಇಟ್ಟುಕೊಳ್ಳಲು ಹೇಳುತ್ತಲೇ ಇರಿ, ಕುಟ್ಟುವ ಕೆಲಸವನ್ನು ಕೈಗೆ ವರ್ಗಾಯಿಸಿ. ಟ್ಯಾಪ್ ಶೂ ಇದ್ದರೂ ನುಣುಪು ಕಲ್ಲಿನ ಮೇಲೆ ಹಾಕಿಸಲೇಬೇಡಿ, ಜಾರುತ್ತದೆ. ಪ್ರತಿ ಕ್ಲಾಸಿಗೆ ಮೊದಲು ಶೂ ಅಡಿಯ ಲೋಹದ ತುಂಡಿನ ಸ್ಕ್ರೂ ಬಿಗಿಯಾಗಿದೆಯಾ ಅಂತ ನೋಡಿ. ಸಡಿಲ ಸ್ಕ್ರೂ ಶಾಲೆಯ ಸಭಾಂಗಣದ ನೆಲದ ಮೇಲೆ ಗೀರು ಎಳೆದರೆ ಆ ಶಾಲೆಯ ಬಾಗಿಲು ನಿಮಗೆ ಮುಚ್ಚಿದಂತೆಯೇ.

ಗಲಾಟೆಯ ವಿಷಯ. ಶಾಲೆಯವರ ದೂರು ಸುಳ್ಳಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಿ. ಕಾಲ ಪೆಟ್ಟಿನ ಸದ್ದು ಪಕ್ಕದ ಕೋಣೆಗಿಂತ ಕೆಳಗಿನ ಕೋಣೆಗೆ ಜಾಸ್ತಿ ಹೋಗುತ್ತದೆ, ಕಟ್ಟಡದ ಮೂಲಕವೇ ಇಳಿಯುತ್ತದೆ. ಆದ್ದರಿಂದ ಮೊದಲ ಮಹಡಿಯ ಚಂದದ ಹಾಲ್‌ಗಿಂತ ನೆಲಮಹಡಿಯ ಸಾಧಾರಣ ಕೋಣೆ ಮೇಲು. ಟೈಮ್‌ಟೇಬಲ್ ಹಾಕುವವರ ಬಳಿ ಕೂತು ಪಕ್ಕದ ಕ್ಲಾಸಿನವರು ಆಟಕ್ಕೋ ಲ್ಯಾಬ್‌ಗೋ ಹೋಗುವ ಪೀರಿಯಡ್ ಕೇಳಿ. ಪರೀಕ್ಷೆಯ ವಾರ ನೀವೇ ಬಿಟ್ಟುಬಿಡಿ, ಅವರು ಹೇಳುವವರೆಗೆ ಕಾಯಬೇಡಿ.

ಒಳಗಿನ ಸದ್ದಿನ ಕಡೆಯೂ ಗಮನ ಇರಲಿ. ದಿನಕ್ಕೆ ಎಂಟು ಗಂಟೆ ಸರಾಸರಿ 85 ಡೆಸಿಬಲ್ ಮೀರಿದ ಸದ್ದು ಕಿವಿಗೆ ಅಪಾಯ ಅಂತ ಕೆಲಸದ ಜಾಗಗಳಿಗೆ ಮಿತಿ ಹಾಕಿರುತ್ತಾರೆ. ಮೂರು ಡೆಸಿಬಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ ಅನ್ನುವುದು ಎಚ್ಚರಿಕೆಯ ಲೆಕ್ಕ. ಮುಚ್ಚಿದ ಹಾಲ್‌ನಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ಕುಟ್ಟಿದರೆ ಸದ್ದು ಆ ಮಿತಿಯತ್ತ ಏರಬಹುದು. ಮಕ್ಕಳು ಒಂದು ಪೀರಿಯಡ್ ಮುಗಿಸಿ ಹೋಗುತ್ತಾರೆ, ನೀವು ಅಲ್ಲೇ ಇರುತ್ತೀರಿ. ಇಯರ್‌ಪ್ಲಗ್ ಇಟ್ಟುಕೊಳ್ಳಿ, ಸೂಚನೆಗಳನ್ನು ಕೂಗದೆ ಕೈಸನ್ನೆಯಲ್ಲಿ ಕೊಡಿ. ನಡುನಡುವೆ ಒಂದು ಪೀರಿಯಡ್ ಪೂರ್ತಿ ‘ಮೆಲ್ಲಗೆ’ ಇರಲಿ: ಕಲಿತದ್ದೆಲ್ಲವನ್ನೂ ಬೆರಳ ತುದಿಯಲ್ಲಿ, ಪಾದದ ಅಂಚಿನಲ್ಲಿ, ಕೋಣೆಯ ಆಚೆ ಕೇಳದಷ್ಟು ಸಣ್ಣಗೆ. ಜೋರಾಗಿ ಕುಟ್ಟುವುದು ಯಾರಿಗಾದರೂ ಬರುತ್ತದೆ. ಸಣ್ಣಗೆ ನುಡಿಸುವಾಗಲೇ ಲಯ ಎಲ್ಲಿ ಅಲುಗಾಡುತ್ತಿದೆ ಅಂತ ಗೊತ್ತಾಗುವುದು.

ಕ್ಲಾಸಿನಲ್ಲಿ ಕಿವಿ ಕೇಳದ ಮಗು ಇದ್ದರೆ ಪ್ಲೈವುಡ್ ಇನ್ನೂ ಒಂದು ಕೆಲಸಕ್ಕೆ ಬರುತ್ತದೆ. ಬರಿಗಾಲಲ್ಲಿ ನಿಂತರೆ, ಹಲಗೆಗೆ ಅಂಗೈ ಇಟ್ಟರೆ ಪೆಟ್ಟಿನ ಕಂಪನ ನೇರ ಮೈಗೆ ಸಿಗುತ್ತದೆ. ಕಿವಿ ಬಹುಪಾಲು ಕೇಳದ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ವೇದಿಕೆಯ ಮೇಲೆ ಬರಿಗಾಲಲ್ಲೇ ನುಡಿಸುತ್ತಾರೆ. ಸದ್ದು ತಡೆಯಲಾಗದ ಮಕ್ಕಳದು ಬೇರೆ ಪಾಡು. ಅವರಿಗೆ ಬಾಗಿಲ ಹತ್ತಿರದ ಜಾಗ, ಕಿವಿಗೆ ಮುಚ್ಚಿಕೊಳ್ಳಲು ಇಯರ್‌ಮಫ್, ಜೋರು ಭಾಗ ಬರುವ ಮೊದಲು ಒಂದು ಸನ್ನೆ. ಇಷ್ಟರಲ್ಲಿ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಾರೆ. ಉಳಿಯಲಾಗದವರನ್ನು ಬಲವಂತ ಮಾಡಬೇಡಿ.

ಮುಖ್ಯ ಶಿಕ್ಷಕರನ್ನು ಒಪ್ಪಿಸುವಾಗ ಒಂದು ಆಸೆ ಬರುತ್ತದೆ: ಲಯ ಕಲಿತರೆ ಗಣಿತದಲ್ಲಿ ಅಂಕ ಜಾಸ್ತಿ ಬರುತ್ತದೆ ಅಂತ ಹೇಳಿಬಿಡುವ ಆಸೆ. ಹೇಳಬೇಡಿ. ಮುಂದಿನ ಪರೀಕ್ಷೆಯಲ್ಲಿ ಅಂಕ ಬರದಿದ್ದರೆ ನಿಮ್ಮ ಪೀರಿಯಡ್ ಮೊದಲು ಹೋಗುತ್ತದೆ. ಅದರ ಬದಲು ಅವರನ್ನೇ ಕ್ಲಾಸಿಗೆ ಕರೆಯಿರಿ. ಅರ್ಧ ಮಕ್ಕಳು ಪ್ರತಿ ಮೂರನೇ ಎಣಿಕೆಗೆ ಚಪ್ಪಾಳೆ, ಇನ್ನರ್ಧ ಪ್ರತಿ ನಾಲ್ಕನೇ ಎಣಿಕೆಗೆ ಹೆಜ್ಜೆ. ಎರಡೂ ಹನ್ನೆರಡನೇ ಎಣಿಕೆಯಲ್ಲಿ ಢಂ ಅಂತ ಕೂಡುತ್ತವೆ. ಲಘುತಮ ಸಾಮಾನ್ಯ ಅಪವರ್ತ್ಯ ಅಂದರೆ ಏನು ಅಂತ ಆಮೇಲೆ ಯಾವ ಮಗುವನ್ನಾದರೂ ಕೇಳಿ ನೋಡಲಿ. ನಾನು ಕಂಡಂತೆ ಈ ಒಂದು ಆಟ ಗಣಿತದ ಮೇಷ್ಟ್ರನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತದೆ, ಆಮೇಲೆ ಸ್ಟಾಫ್ ರೂಮಿನಲ್ಲಿ ನಮ್ಮ ಪರ ಮಾತಾಡುವವರು ಅವರೇ.

ಮುಖ್ಯ ಶಿಕ್ಷಕರಿಂದ ಏನು ಕೇಳಬೇಕು ಅನ್ನುವುದೂ ಮುಖ್ಯ. ಶಾಲೆಗಳು ಸಾಮಾನ್ಯವಾಗಿ ಕೊಡುವುದು ಒಂದು ದಿನ: ಬಂದು ಎಲ್ಲ ಮಕ್ಕಳ ಮುಂದೆ ಕಾರ್ಯಕ್ರಮ ಮಾಡಿ ಹೋಗಿ ಅಂತ. ಮುನ್ನೂರು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಫೋಟೋ ಬರುತ್ತದೆ, ಯಾರಿಗೂ ಏನೂ ಬರುವುದಿಲ್ಲ. ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ. ಒಂದೇ ಕ್ಲಾಸು, ವಾರಕ್ಕೊಂದು ಪೀರಿಯಡ್, ಕನಿಷ್ಠ ಒಂದು ಟರ್ಮ್ ಪೂರ್ತಿ ಅಂತ ಕೇಳಿ. ಅದೂ ಶಾಲೆಯ ಸಮಯದೊಳಗೆ. ಶಾಲೆ ಬಿಟ್ಟ ಮೇಲೆ ಇಟ್ಟರೆ ಬಸ್ಸು ಹಿಡಿಯಬೇಕಾದವರು, ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕಾದವರು ಹೋಗಿಬಿಡುತ್ತಾರೆ. ಉಳಿಯುವುದು ಹೇಗೂ ಎಲ್ಲಾದರೂ ನೃತ್ಯ ಕಲಿಯುತ್ತಿದ್ದ ಮಕ್ಕಳೇ. ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡದ ನರ್ತಕ ಜಾಕ್ ಡಾಂಬ್ವಾಜ್ 1976ರಲ್ಲಿ ನ್ಯಾಷನಲ್ ಡಾನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದು ನೃತ್ಯವನ್ನು ಶಾಲೆಯ ಮಕ್ಕಳ ಬಳಿಗೇ ಒಯ್ಯುವುದಕ್ಕೆ. ಅದು ತಾಳದ ನೃತ್ಯದ ಸಂಸ್ಥೆಯಲ್ಲ, ಆದರೆ ಶಾಲೆಯ ಹೊತ್ತಿನಲ್ಲೇ ಕಲಿಸುವುದು ಹೇಗೆ ಅನ್ನುವುದಕ್ಕೆ ಅದನ್ನು ನೋಡಿ.

ಹದಿಮೂರು ಹದಿನಾಲ್ಕರ ಹುಡುಗರು ‘ಡಾನ್ಸ್’ ಅಂದ ಕೂಡಲೇ ಹಿಂದಿನ ಸಾಲಿಗೆ ಹೋಗಿ ಕೈಕಟ್ಟುತ್ತಾರೆ. ಅವರಿಗೆ ಸ್ಟೆಪ್ಪಿಂಗ್ ಕೊಡಿ. ಕವಾಯತಿನ ಬಿಗಿ ಇದೆ, ಸವಾಲು ಜವಾಬಿನ ರುಚಿ ಇದೆ. ಒಂದು ಗುಂಪು ನಾಲ್ಕು ಎಣಿಕೆ ಹಾಕಿದರೆ ಎದುರು ಗುಂಪು ಅದಕ್ಕೆ ನಾಲ್ಕರಲ್ಲಿ ಉತ್ತರ ಕೊಡಬೇಕು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಟ್ಯಾಪ್ ಕಲಾವಿದರು ಸೇರುತ್ತಿದ್ದ ಹೂಫರ್ಸ್ ಕ್ಲಬ್‌ನಲ್ಲಿ ಇನ್ನೊಬ್ಬರ ಹೆಜ್ಜೆಯನ್ನು ಇದ್ದಂತೆಯೇ ನಕಲು ಮಾಡಬಾರದು ಅನ್ನುವ ನಿಯಮ ಇತ್ತು ಅಂತ ಹೇಳುತ್ತಾರೆ. ಅದನ್ನು ನಾನು ಕ್ಲಾಸಿನ ನಿಯಮ ಮಾಡಿದ್ದೇನೆ: ಮೊದಲು ಹೇಳಿಕೊಟ್ಟದ್ದನ್ನು ತಪ್ಪದೆ ಹಾಕು, ಆಮೇಲೆ ಒಂದೇ ಒಂದು ಸದ್ದು ಬದಲಿಸಿ ನಿನ್ನದು ಮಾಡು. ಕೈಕಟ್ಟಿ ನಿಂತವರು ಬದಲಿಸುವ ಸರದಿ ಬಂದಾಗ ಮುಂದೆ ಬರುತ್ತಾರೆ.

ಪೆಗ್ ಲೆಗ್ ಬೇಟ್ಸ್ ಎಂಬ ಕಲಾವಿದನ ತುಣುಕು ಸಿಕ್ಕರೆ ತೋರಿಸಿ. 1907ರಲ್ಲಿ ಹುಟ್ಟಿದವನು, ಹನ್ನೆರಡನೇ ವಯಸ್ಸಿನಲ್ಲಿ ಹತ್ತಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಕಾಲು ಕಳೆದುಕೊಂಡ. ಮರದ ಕಾಲು ಕಟ್ಟಿಕೊಂಡೇ ಹೆಸರಾಂತ ಟ್ಯಾಪ್ ಕಲಾವಿದನಾದ. ಕಷ್ಟದ ಕತೆ ಅಂತ ತೋರಿಸಬೇಡಿ. ಮರದ ಕಾಲಿನ ಸದ್ದು ಶೂ ಸದ್ದಿಗಿಂತ ಬೇರೆ, ಅದನ್ನು ಅವನು ಹೇಗೆ ಬಳಸಿಕೊಂಡ ಅಂತ ಕಣ್ಣು ಮುಚ್ಚಿ ಕೇಳಿಸಿ. ಯಾವ ಕಾಲಿನ ಸದ್ದು ಯಾವುದು ಅಂತ ಹೇಳಬಲ್ಲ ಕ್ಲಾಸು ಚೆನ್ನಾಗಿ ಕಲಿಯುತ್ತಿದೆ ಅಂತ ಲೆಕ್ಕ.

ವರ್ಷದ ಕೊನೆಗೆ ವೇದಿಕೆ ಹತ್ತಿಸಿ ಅಂತ ಶಾಲೆಯವರು ಕೇಳಿಯೇ ಕೇಳುತ್ತಾರೆ. ಹತ್ತಿಸಿ, ಆದರೆ ಹಿನ್ನೆಲೆಗೆ ಹಾಡಿನ ಟ್ರ್ಯಾಕ್ ಹಾಕಲು ಬಿಡಬೇಡಿ. ಹಾಡು ಬಂದರೆ ಮಕ್ಕಳ ಕಾಲಿನ ಸದ್ದು ಮುಳುಗಿಹೋಗುತ್ತದೆ, ತಪ್ಪಿದರೂ ಒಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅಭ್ಯಾಸದ ಪ್ಲೈವುಡ್ ಹಲಗೆಗಳನ್ನೇ ವೇದಿಕೆಗೆ ಹಾಕಿಸಿ, ಎರಡು ಮೈಕುಗಳನ್ನು ಸ್ಟ್ಯಾಂಡಿಗೆ ಏರಿಸದೆ ನೆಲದ ಹತ್ತಿರ ಹಲಗೆಯ ಕಡೆ ಮುಖ ಮಾಡಿ ಇಡಿಸಿ. ಮೈಕಿನವರಿಗೆ ಹಿಂದಿನ ದಿನವೇ ಬಂದು ಒಮ್ಮೆ ಕೇಳಿ ನೋಡಲು ಹೇಳಿ. ಅವರು ಸಾಮಾನ್ಯವಾಗಿ ಭಾಷಣಕ್ಕೆ ಹೊಂದಿಸಿರುತ್ತಾರೆ, ಆ ಹೊಂದಿಕೆಯಲ್ಲಿ ಹಿಮ್ಮಡಿಯ ಸದ್ದು ಬರುವುದೇ ಇಲ್ಲ.