ಡಾಸ್ಟರ್ಡ್ ಅಂದರೆ ಬರೀ ಪುಕ್ಕಲನಲ್ಲ
ಇಂಗ್ಲಿಷಿನಲ್ಲಿ ಡಾಸ್ಟರ್ಡ್ ಅಂದರೆ ಹೇಡಿ ಎಂದಿರುವಾಗ, ಕ್ರೂರ ದಾಳಿಗೆ ಡಾಸ್ಟರ್ಡ್ಲಿ ಅನ್ನುವುದೇಕೆ ಎಂದು ಕೇಳಿದ್ದೀರಿ. ಕತ್ತಲಲ್ಲಿ ಹಿತ್ತಲಿಗೆ ಹೋಗಲು ಹೆದರುವವನು ಪುಕ್ಕಲ, ಅವನಿಗೆ ಈ ಮಾತು ಒಪ್ಪುವುದಿಲ್ಲ. ಎದುರು ನಿಲ್ಲುವ ಎದೆಗಾರಿಕೆ ಇಲ್ಲದೆ ಬೆನ್ನಿಗೆ ಚೂರಿ ಹಾಕುವವನಿಗೆ ಒಪ್ಪುತ್ತದೆ. ಮೊದಲು ಮಂದಬುದ್ಧಿಯವನು ಎಂಬ ಅರ್ಥವೂ ಇತ್ತು. ಈಗ ಡಾಸ್ಟರ್ಡ್ ಎಂಬ ನಾಮಪದ ಹಳತಾಗಿದೆ. ಅದರ ಗುಣವಾಚಕ ಡಾಸ್ಟರ್ಡ್ಲಿ ಮಾತ್ರ ಉಳಿದು, ನೀಚತನದ ಕಡೆಗೆ ವಾಲಿದೆ.

ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ಎರಗಿದ ಮರುದಿನ, 1941ರ ಡಿಸೆಂಬರ್ 8ರಂದು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಭಾಷಣದಲ್ಲಿ ಬಳಸಿದ್ದು ಇದೇ ಪದ. ಅಲ್ಲಿ ಯಾರೂ ಹೆದರಿ ಓಡಿರಲಿಲ್ಲ. ಹೇಳದೆ ಕೇಳದೆ ಬಂದು ಹೊಡೆದಿದ್ದರು. ಕನ್ನಡಕ್ಕೆ ತರುವಾಗ 'ಹೇಡಿ ಕೃತ್ಯ' ಅನ್ನಿ, 'ಅಂಜುಬುರುಕ' ಮಾತ್ರ ಬೇಡ.