ಹಾಳೆ ತನ್ನಿ ಅಂದರೆ ಅಡಿಕೆ ಹಾಳೆ ಬರುವ ಊರು

ನೀವು ಕೇಳಿದ್ದು ಒಂದೇ ಸಾಲು. ದಾವಣಗೆರೆ ಕಡೆಯಿಂದ ಜೂನ್‌ನಲ್ಲಿ ಮಂಗಳೂರಿನ ಶಾಲೆಗೆ ಡ್ರಾಯಿಂಗ್ ಟೀಚರ್ ಆಗಿ ಬರುತ್ತಿದ್ದೀರಿ, ಆರನೇ ಕ್ಲಾಸಿನಿಂದ ಹತ್ತರವರೆಗೆ ನಿಮ್ಮ ಪಾಲು, ಇಲ್ಲಿನ ಮಕ್ಕಳು ಹೇಗೆ ಅಂತ. ನಾನು ತಲಪಾಡಿ ಹತ್ತಿರದವನು. ಮನೆ ಅಂಗಳ ದಾಟಿ ಹತ್ತು ನಿಮಿಷ ನಡೆದರೆ ಕೇರಳ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಬೇಡಿ ಟೀಚರೇ.

ಮೊದಲು ಹಾಳೆಯ ಕಥೆ. ಆಗಷ್ಟೇ ಕೋರ್ಸು ಮುಗಿಸಿ ಬಂದಿದ್ದೆ, ಬಾಯಲ್ಲಿ ಪುಸ್ತಕದ ಕನ್ನಡ. "ನಾಳೆ ಎಲ್ಲರೂ ಒಂದೊಂದು ದಪ್ಪ ಹಾಳೆ ತನ್ನಿ" ಅಂದೆ. ಶೀಟು ಅಂದಿದ್ದರೆ ಮುಗಿಯುತ್ತಿತ್ತು. ಮರುದಿನ ಆರನೇ ಕ್ಲಾಸಿನ ಒಬ್ಬಳು ಅಡಿಕೆ ಹಾಳೆ ತಂದಳು, ಅಡಿಕೆ ಸೋಗೆಯ ಬುಡದ ಅಗಲ ಪಟ್ಟೆ. ತೊಳೆದು, ಒರೆಸಿ, ಎರಡೂ ತುದಿ ಕತ್ತರಿಸಿ, ಚಂದ ಮಾಡಿ. ಕ್ಲಾಸಿಡೀ ನಕ್ಕಿತು. ಅವಳು ಮಾತ್ರ ನಗಲಿಲ್ಲ. ಅವಳ ಮನೆಯಲ್ಲಿ ಹಾಳೆ ಅಂದರೆ ಅದೇ ತಾನೇ! ತೋಟಕ್ಕೆ ಹೋಗುವವರ ತಲೆಯ ಮುಟ್ಟಾಳೆ ಅದರದ್ದು, ಊಟದ ಬಟ್ಟಲು ಅದರದ್ದು, ಸಣ್ಣ ಮಕ್ಕಳನ್ನು ಕೂರಿಸಿ ಅಂಗಳದಲ್ಲಿ ಎಳೆಯುವ ಗಾಡಿಯೂ ಅದೇ.

ನಾನು ಅವಳ ಹಾಳೆಯನ್ನು ಮೇಜಿನ ಮೇಲೆ ಇಟ್ಟು ಇದ್ದಿಲಿನಿಂದ ಒಂದು ಗೆರೆ ಎಳೆದೆ. ಒಳಮೈ ನುಣುಪು, ಹಾಲುಬಣ್ಣ. ಪೆನ್ಸಿಲ್ ಜಾರುತ್ತದೆ, ಇದ್ದಿಲು ಹಿಡಿಯುತ್ತದೆ. ವಾಟರ್ ಕಲರ್ ನಿಲ್ಲುವುದಿಲ್ಲ, ಹನಿಹನಿಯಾಗಿ ಓಡುತ್ತದೆ. ಪೋಸ್ಟರ್ ಕಲರ್ ದಪ್ಪಗೆ ಹಚ್ಚಿದರೆ ಕೂರುತ್ತದೆ. ಒಣಗುವಾಗ ಸುರುಳಿ ಸುತ್ತಿಕೊಳ್ಳುತ್ತದೆ, ಅದಕ್ಕೆ ನಾಲ್ಕು ಮೂಲೆಗೂ ಕಲ್ಲು ಇಡಬೇಕು. ಇದೆಲ್ಲ ಆ ಒಂದು ಪಿರಿಯಡ್‌ನಲ್ಲಿ ನಾವು ಒಟ್ಟಿಗೆ ಕಲಿತದ್ದು. ಅಂದಿನಿಂದ ಪ್ರತಿ ವರ್ಷ ಬೇಸಿಗೆ ಹತ್ತಿರ ಬಂದಾಗ ನಾನೇ ಕೇಳಿ ತರಿಸುತ್ತೇನೆ. ಕಾರ್ಟ್ರಿಡ್ಜ್ ಶೀಟಿಗೆ ದುಡ್ಡು ಬೇಕು, ಹಾಳೆ ತೋಟದಲ್ಲಿ ಸುಮ್ನೆ ಬಿದ್ದಿರುತ್ತದೆ.

ಈಗ ಮಕ್ಕಳ ವಿಷಯ. ಮೊದಲ ದಿನ "ನಿಮಗೆ ಇಷ್ಟ ಬಂದದ್ದು ಬರೆಯಿರಿ" ಅಂತ ಹೇಳಿ ನೋಡಿ. ಮೂವತ್ತು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ತ್ರಿಕೋನದ ಮನೆ, ಮೇಲೆ ನಾಲ್ಕು ಹಕ್ಕಿ ಬರೆಯುತ್ತಾರೆ. ದಾವಣಗೆರೆಯಲ್ಲೂ ಇದೇ ಇರಬಹುದು. ಆದರೆ ಇಲ್ಲಿ ಅದು ನನಗೆ ವಿಚಿತ್ರ ಅನ್ನಿಸುತ್ತದೆ. ಈ ಮಕ್ಕಳು ದಿನಾ ನೋಡುವುದು ಕಡಲಿಗೆ ಮುಳುಗುವ ಸೂರ್ಯನನ್ನು. ಮನೆಯ ಮಾಡು, ಅಂದರೆ ಚಾವಣಿ, ತ್ರಿಕೋನ ಅಲ್ಲ, ನಾಲ್ಕೂ ಕಡೆ ಇಳಿದ ಹಂಚಿನ ಮಾಡು. ಹಂಚು ಅಂದರೆ ಇದೇ ಊರಿನದ್ದು, 1865ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಇಲ್ಲಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಲ್ಲಿಂದ ಶುರುವಾದದ್ದು. ಇಷ್ಟೆಲ್ಲ ಕಣ್ಣೆದುರು ಇಟ್ಟುಕೊಂಡು ಯಾವುದೋ ಕ್ಯಾಲೆಂಡರಿನ ಗುಡ್ಡ ಬರೆಯುತ್ತಾರೆ. ನಾನು ಬೈಯುವುದಿಲ್ಲ. "ನಿಮ್ಮ ಮನೆ ಮಾಡಿನಿಂದ ಮಳೆನೀರು ಎಲ್ಲೆಲ್ಲಿ ಬೀಳುತ್ತದೆ? ನೋಡಿಕೊಂಡು ಬನ್ನಿ" ಅಂತ ಮಾತ್ರ ಹೇಳುತ್ತೇನೆ. ಮರುದಿನದ ಮಾಡು ಬೇರೆಯೇ ಇರುತ್ತದೆ.

ಆರನೇ ಕ್ಲಾಸಿನವರಿಗೆ ಧೈರ್ಯ ಜಾಸ್ತಿ. ಎಂಟಕ್ಕೆ ಬರುವಾಗ ಅದೇ ಮಗು ಕೈ ಕಟ್ಟಿ ಕೂರುತ್ತದೆ. "ಸರ್, ನನಗೆ ಬರುವುದಿಲ್ಲ." ಪೆನ್ಸಿಲಿಗಿಂತ ರಬ್ಬರ್ ಜಾಸ್ತಿ ಓಡುತ್ತದೆ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಕಣ್ಣು ಬೇಗ ಬೆಳೆಯುತ್ತದೆ, ಕೈ ಹಿಂದೆ ಉಳಿಯುತ್ತದೆ. ತಾನು ಬರೆದದ್ದು ನಿಜದ ಹಾಗಿಲ್ಲ ಅಂತ ಗೊತ್ತಾಗುತ್ತದೆ, ಸರಿ ಮಾಡುವುದು ಹೇಗೆ ಅಂತ ಗೊತ್ತಾಗುವುದಿಲ್ಲ. ಬಹಳ ಮಂದಿ ಚಿತ್ರ ಬಿಡುವುದು ಈ ಎರಡು ವರ್ಷದಲ್ಲೇ. ಹಾಗಾಗಿ ಏಳು ಮತ್ತು ಎಂಟನೇ ಕ್ಲಾಸಿಗೆ ನಾನು ರಬ್ಬರ್ ತರಬೇಡಿ ಅನ್ನುತ್ತೇನೆ. ತಪ್ಪು ಗೆರೆ ಇರಲಿ, ಪಕ್ಕದಲ್ಲೇ ಸರಿ ಗೆರೆ ಹಾಕಿ. ಮೊದಲ ವಾರ ಅಳು ಬರುವಷ್ಟು ಸಿಟ್ಟಾಗುತ್ತಾರೆ. ಆಮೇಲೆ ಅಭ್ಯಾಸ ಆಗುತ್ತದೆ.

ಈ ಪ್ರಾಯದವರಿಗೆ ಕಲಿಸಲು ನನಗೆ ಸಿಕ್ಕಿದ ದೊಡ್ಡ ಗುರು ಹುಲಿವೇಷ. ನೀವು ವಿಡಿಯೊದಲ್ಲಿ ನೋಡಿರಬಹುದು. ತುಳುವಿನಲ್ಲಿ ಪಿಲಿ ಅನ್ನುತ್ತಾರೆ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ, ಮಂಗಳೂರಿನಲ್ಲಿ ದಸರೆಗೆ. ಮೈಗೆ ಹಳದಿ ಹಚ್ಚಿ, ಒಣಗಿದ ಮೇಲೆ ಕಪ್ಪು ಪಟ್ಟೆ ಎಳೆಯುತ್ತಾರೆ. ಅದು ಒಣಗುವ ತನಕ ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ, ಕೈ ಅಗಲಿಸಿ ನಿಂತೇ ಇರಬೇಕು. ಒಮ್ಮೆ ಎಂಟನೇ ಕ್ಲಾಸಿನಲ್ಲಿ ಗೋಳಕ್ಕೆ ಉಬ್ಬು ಕೊಡುವುದು ಹೇಗೆ ಅಂತ ಹೇಳಿ ಹೇಳಿ ಸಾಕಾಗಿತ್ತು. ಎಲ್ಲರ ಗೋಳವೂ ದೋಸೆಯ ಹಾಗೆ ಚಪ್ಪಟೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಲೆಕ್ಕದಲ್ಲಿ ಯಾವಾಗಲೂ ಬೈಸಿಕೊಳ್ಳುವವನು, "ಸರ್, ಹೊಟ್ಟೆಗೆ ಪಟ್ಟೆ ಹಾಕಿದ ಹಾಗೆ ಅಲ್ವಾ?" ಅಂದ. ಐದನೇ ಕ್ಲಾಸಿನಿಂದ ಹುಲಿ ಕುಣಿಯುವವನು. ಎದ್ದು ಬಾ ಅಂದೆ.

ಮೇಜಿನ ಮೇಲೆ ಒಂದು ಬೊಂಡ ಇತ್ತು. ನಿಮ್ಮ ಕಡೆ ಎಳನೀರು ಅನ್ನುತ್ತೀರಲ್ಲ, ಅದು. ಅವನು ಇದ್ದಿಲು ತೆಗೆದುಕೊಂಡು ಬೊಂಡದ ಮೇಲೆ ಪಟ್ಟೆ ಎಳೆದ. ನಡುವಿನಲ್ಲಿ ಪಟ್ಟೆ ಅಗಲ, ಅಂಚಿಗೆ ಹೋದ ಹಾಗೆ ಸಣ್ಣ, ಒತ್ತೊತ್ತು. "ಪೇಂಟರ್ ಹೀಗೇ ಹಾಕುವುದು ಸರ್. ನೇರ ಎಳೆದರೆ ಹುಲಿ ಅಲ್ಲ, ಬನಿಯನ್ ಹಾಕಿದ ಹಾಗೆ ಕಾಣುತ್ತದೆ." ನಾನು ಇಡೀ ತಿಂಗಳು ಬೋರ್ಡಿನಲ್ಲಿ ಒದ್ದಾಡಿದ್ದನ್ನು ಅವನು ಎರಡು ನಿಮಿಷದಲ್ಲಿ ಮುಗಿಸಿದ. ಆಮೇಲೆ ಅದನ್ನೇ ನೋಡಿಕೊಂಡು ಶೀಟಿನಲ್ಲಿ ಬರೆಸಿದೆ. ಹೊರಗಿನ ಗೆರೆ ಬೇಡ, ಬರೀ ಪಟ್ಟೆಯಿಂದ ಬೊಂಡ ಉಬ್ಬಬೇಕು. ಉಬ್ಬಿತು ಮಾರಾಯ್ರೆ. ಆ ಹುಡುಗ ಆ ವರ್ಷ ನನ್ನ ಅಸಿಸ್ಟೆಂಟ್.

ಗೆರೆಯ ಮಾತು ಬಂದಾಗ ಮಕ್ಕಳಿಗೆ ಕೆ.ಕೆ. ಹೆಬ್ಬಾರರ ರೇಖಾಚಿತ್ರ ತೋರಿಸಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬೈಗೆ ಹೋಗಿ ದೊಡ್ಡ ಹೆಸರು ಮಾಡಿದವರು. ಒಂದೇ ಗೆರೆ ಬಾಗಿ ತಿರುಗಿ ಕುಣಿಯುವವಳಾಗುತ್ತದೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಉಂಟು. ನಮ್ಮ ಮಕ್ಕಳಿಗೆ ಚಿತ್ರಕಾರ ಅಂದರೆ ಎಲ್ಲೋ ಪ್ಯಾರಿಸಿನವನು. ಪಕ್ಕದ ಊರಿನವರು ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ.

ಕರೆದುಕೊಂಡು ಹೋಗಲು ಜಾಗ ಬೇಕಾ? ಮಂಗಳೂರಿನ ಸೈಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಿಂದ ಶುರು ಮಾಡಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಕೈ ಹಾಕಿ ಎರಡು ವರ್ಷ ಚಿಲ್ಲರೆ ಕೂತು ಗೋಡೆ, ಚಾವಣಿ ಎಲ್ಲ ತುಂಬಿಸಿದ್ದು. ಅದರಲ್ಲಿ ಫ್ರೆಸ್ಕೊ ಉಂಟು, ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚುವುದು. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದ್ದೂ ಉಂಟು. ಮಕ್ಕಳು ಕತ್ತು ಮೇಲೆತ್ತಿ "ಸರ್, ಮಲಗಿ ಬರೆದದ್ದಾ?" ಅಂತ ಕೇಳುತ್ತಾರೆ.

ಶಾಲೆಗೆ ವಾಪಸು ಬಂದು ನಾನು ಕಾವಿ ಕಲೆ ಮಾಡಿಸುತ್ತೇನೆ. ಅದೂ ಹಸಿ ಸುಣ್ಣದ ಆಟವೇ. ಗೋವಾದಿಂದ ಕೆಳಗೆ ಈ ಕರಾವಳಿಯ ಹಳೆ ಗುಡಿಗಳ ಗೋಡೆಯಲ್ಲಿ ಕೆಂಪು ಬಿಳಿಯ ಬಳ್ಳಿ, ಹೂವು, ಆನೆ, ದೇವರು ಕಾಣುತ್ತವಲ್ಲ, ಅದೇ. ಬಿಳಿ ಗಾರೆಯ ಮೇಲೆ ಕೆಂಪು ಕಾವಿಯ ಪದರ ಕೊಟ್ಟು, ಹಸಿ ಇರುವಾಗ ಚೂಪು ಕಡ್ಡಿಯಿಂದ ಕೆರೆದರೆ ಕೆಳಗಿನ ಬಿಳಿ ಹೊರಗೆ ಬರುತ್ತದೆ. ಕ್ಲಾಸಿನಲ್ಲಿ ಸುಣ್ಣ ಬೇಡ, ಕಣ್ಣಿಗೆ ಹೋದರೆ ಕಷ್ಟ. ದಪ್ಪ ರಟ್ಟಿಗೆ ಬಿಳಿ ಕ್ರೇಯಾನ್ ಒತ್ತಿ ಉಜ್ಜಿಸಿ. ಎಲ್ಲೂ ಖಾಲಿ ಬಿಡಬಾರದು. ಅದರ ಮೇಲೆ ಕೆಂಪು ಪೋಸ್ಟರ್ ಕಲರ್, ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ಹಾಕದಿದ್ದರೆ ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ. ಒಣಗಿದ ಮೇಲೆ ಶಾಯಿ ಮುಗಿದ ಬಾಲ್ ಪೆನ್ನಿನಿಂದ ಕೆರೆಯಲಿ. ಮುರಕಲ್ಲಿನ, ಅಂದರೆ ಇಲ್ಲಿ ಮನೆ ಕಟ್ಟುವ ಕಲ್ಲಿನ, ಕೆಂಪು ಬೇಕಾದರೆ ಕೆಂಪಿಗೆ ಚಿಟಿಕೆ ಕಂದು ಸೇರಿಸಿ. ಗಂಡುಮಕ್ಕಳು ಮೊದಲು ತಮ್ಮ ಹೆಸರು ಕೆರೆಯುತ್ತಾರೆ, ಆಮೇಲೆ ಬಳ್ಳಿ. ಇರಲಿ ಬಿಡಿ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಹೊರಗಿನಿಂದ ಬಂದವರಿಗೆ ಇಲ್ಲಿನ ಭೂತಕೋಲದ ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಪ್ರಭಾವಳಿ), ಮುಖದ ಅರ್ದಾಳದ ಹಳದಿ, ತೆಂಗಿನ ಎಳೆಗರಿಯ ಸಿರಿ ಎಲ್ಲ ನೋಡಿದ ಕೂಡಲೇ "ಮಕ್ಕಳಿಂದ ಮುಖವಾಡ ಮಾಡಿಸೋಣ" ಅನ್ನಿಸುತ್ತದೆ. ದಯವಿಟ್ಟು ಕೇಳದೆ ಮಾಡಿಸಬೇಡಿ. ನಮಗೆ ಅದು ವೇಷ ಅಲ್ಲ, ದೈವ. ಕೆಲವು ಮನೆಗಳಲ್ಲಿ ಆಟಕ್ಕೆ ಅಂತ ದೈವದ ಮುಖ ಬರೆಯಲು ಬಿಡುವುದಿಲ್ಲ, ಮತ್ತು ಅದನ್ನು ಮಕ್ಕಳು ನಿಮ್ಮ ಎದುರು ಬಾಯಿಬಿಟ್ಟು ಹೇಳುವುದೂ ಇಲ್ಲ. ಸುಮ್ಮನೆ ತಲೆ ತಗ್ಗಿಸಿ ಕೂರುತ್ತಾರೆ. ನಾನು ಊರಿನವನೇ ಆಗಿ ಒಮ್ಮೆ ಇದರಲ್ಲಿ ಎಡವಿದ್ದೇನೆ. ಮರುದಿನ ಒಬ್ಬ ಅಜ್ಜ ಶಾಲೆಗೆ ಬಂದರು. ಜಗಳ ಮಾಡಲಿಲ್ಲ. "ಮಾಸ್ಟ್ರೆ, ನಿಮಗೆ ಗೊತ್ತಿಲ್ಲದ್ದಾ?" ಅಂದರು, ಅಷ್ಟೇ. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು. ಬಣ್ಣದ ಮುಖವೇ ಬೇಕು ಅಂದರೆ ಯಕ್ಷಗಾನದ ಮುಖವರ್ಣಿಕೆ ತೆಗೆದುಕೊಳ್ಳಿ. ರಕ್ಕಸನ ಮುಖಕ್ಕೆ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ, ಅಂದರೆ ಉಬ್ಬಿದ ಚುಕ್ಕಿ, ಇಡುವುದನ್ನು ನೋಡಲು ಚೌಕಿಗೆ (ಬಣ್ಣ ಹಚ್ಚುವ ಕೋಣೆಗೆ) ಕರೆದುಕೊಂಡು ಹೋದರೆ ಮಕ್ಕಳು ಆಟ ಶುರುವಾದರೂ ಅಲ್ಲಿಂದ ಏಳುವುದಿಲ್ಲ.

ಹಾಗೆಯೇ ಬ್ಯಾರಿ ಮಕ್ಕಳಲ್ಲಿ, ಅಂದರೆ ಇಲ್ಲಿನ ಮುಸ್ಲಿಂ ಮಕ್ಕಳಲ್ಲಿ, ಕೆಲವರು ಮನುಷ್ಯರ, ಪ್ರಾಣಿಗಳ ಚಿತ್ರ ಬರೆಯಲು ಹಿಂಜರಿಯಬಹುದು. ಎಲ್ಲರೂ ಅಲ್ಲ. ಒತ್ತಾಯ ಬೇಡ. ದೋಣಿ, ಬಲೆ, ಹಂಚಿನ ಮಾಡು, ಬಳ್ಳಿಯ ವಿನ್ಯಾಸ, ಅಕ್ಷರ, ಬೇಕಾದಷ್ಟು ಉಂಟು. ನನ್ನ ಕ್ಲಾಸಿನಲ್ಲಿ ವಿನ್ಯಾಸದಲ್ಲಿ ಕೈ ಪಳಗಿದವರು ಹೆಚ್ಚಾಗಿ ಅವರೇ.

ಭಾಷೆಯ ಬಗ್ಗೆ ಹೆದರಬೇಡಿ. ಒಂದು ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಕೂತಿರುತ್ತದೆ, ಕನ್ನಡ ಎಲ್ಲರಿಗೂ ಬರುತ್ತದೆ. ಆದರೆ ಬಣ್ಣದ ಹೆಸರು ಮನೆಯದ್ದೇ ಬಾಯಿಗೆ ಬರುತ್ತದೆ. ಹಸಿರು ಕೇಳಿದರೆ ಪಚ್ಚೆ, ಹಳದಿ ಕೇಳಿದರೆ ಮಂಜಲ್. ನೆರಳಿಗೆ ನಿರೆಲ್. ನೆರಳಿನಲ್ಲಿ ಇನ್ನೊಂದು ತಾಪತ್ರಯ: ವಸ್ತುವಿನ ಮೈಮೇಲಿರುವುದಕ್ಕೂ ನೆಲಕ್ಕೆ ಬೀಳುವುದಕ್ಕೂ ನಾವು ಒಂದೇ ಮಾತು ಹೇಳುತ್ತೇವೆ. ನಾನು "ಮೈನೆರಳು, ಬಿದ್ದ ನೆರಳು" ಅಂತ ಬೇರೆ ಮಾಡಿದ್ದೇನೆ. ನಡೆಯುತ್ತದೆ.

ಪರೀಕ್ಷೆ, ಸ್ಪರ್ಧೆ ಎಲ್ಲ ನಿಮಗೆ ಗೊತ್ತಿದ್ದದ್ದೇ. ಪ್ರತಿಭಾ ಕಾರಂಜಿ, ಲೋವರ್ ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ. ಹತ್ತನೇ ಕ್ಲಾಸಿನ ಡ್ರಾಯಿಂಗ್ ಪಿರಿಯಡನ್ನು ಡಿಸೆಂಬರ್ ನಂತರ ಲೆಕ್ಕದವರು ಸಾಲ ಕೇಳುತ್ತಾರೆ, ವಾಪಸು ಕೊಡುವುದಿಲ್ಲ. ಇದು ಎಲ್ಲಾ ಊರಿನಲ್ಲೂ ಒಂದೇ. ಗಡಿಯ ಆಚೆ ಮಾತ್ರ ಸ್ವಲ್ಪ ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತಲ್ಲ, ನನ್ನ ಅಕ್ಕನ ಮಗಳು ಮಂಜೇಶ್ವರದ ಕಡೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಅಲ್ಲಿ ಶಾಲಾ ಕಲೋತ್ಸವ ಅಂದರೆ ಜಾತ್ರೆ. ಪೆನ್ಸಿಲ್ ಚಿತ್ರ, ವಾಟರ್ ಕಲರ್, ಯಕ್ಷಗಾನಕ್ಕೂ ಸ್ಪರ್ಧೆ. ರಾಜ್ಯ ಮಟ್ಟದಲ್ಲಿ ಒಳ್ಳೆಯ ಗ್ರೇಡ್ ಬಂದರೆ ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕು. ಹಾಗಾಗಿ ಅಲ್ಲಿನ ತಂದೆತಾಯಿ ಬ್ರಷ್ಷಿಗೆ ಕಾಸು ಬಿಚ್ಚುತ್ತಾರೆ. ನಮ್ಮಲ್ಲಿ "ಚಿತ್ರ ಬರೆದು ಎಂತ ಮಾಡುವುದು?" ಅನ್ನುವ ಪ್ರಶ್ನೆ ಇನ್ನೂ ಮುಗಿದಿಲ್ಲ. ಅದೇ ತಂದೆ ದಸರೆಗೆ ಮಗನ ಹುಲಿವೇಷಕ್ಕೆ ಸಾವಿರಗಟ್ಟಲೆ ಖರ್ಚು ಮಾಡುತ್ತಾನೆ, ಅದು ಬೇರೆ ಮಾತು.

ಕೊನೆಗೆ ಮಳೆ. ನೀವು ಜೂನ್‌ನಲ್ಲಿ ಬರುತ್ತೀರಿ. ಇಲ್ಲಿ ವರ್ಷಕ್ಕೆ 3500ರಿಂದ 4000 ಮಿಲಿಮೀಟರ್ ಮಳೆ, ಅದರ ದೊಡ್ಡ ಪಾಲು ಸೆಪ್ಟೆಂಬರ್ ಒಳಗೆ. ಶೀಟು ಗಾಳಿಯಲ್ಲೇ ನೀರು ಕುಡಿದು ಮೆತ್ತಗಾಗುತ್ತದೆ, ವಾಟರ್ ಕಲರ್ ಹಚ್ಚಿದರೆ ಮರುದಿನವೂ ಹಸಿ. ಕಪಾಟಿನಲ್ಲಿಟ್ಟ ಚಿತ್ರಕ್ಕೆ ಬೂಷ್ಟು ಹಿಡಿಯುತ್ತದೆ. ನಡುವೆ ಜಿಲ್ಲಾಧಿಕಾರಿಗಳ ಮಳೆ ರಜೆ ಬೇರೆ. ಹಾಗಾಗಿ ಮೊದಲ ನಾಲ್ಕು ತಿಂಗಳು ನನ್ನದು ಬರೀ ಪೆನ್ಸಿಲ್, ಇದ್ದಿಲು, ಕ್ರೇಯಾನ್. ಕೊಡೆ ಬರೆಸುತ್ತೇನೆ, ಬಾಗಿಲ ಹತ್ತಿರ ರಾಶಿ ಬಿದ್ದ ಒದ್ದೆ ಚಪ್ಪಲಿ ಬರೆಸುತ್ತೇನೆ. ಒಂದು ಕ್ಲಾಸಿನ ಹೊರಗೆ ಎಪ್ಪತ್ತು ಚಪ್ಪಲಿ ಇರುತ್ತದೆ, ಒಂದರ ಹಾಗೆ ಒಂದಿಲ್ಲ. ಬಣ್ಣ ಅಕ್ಟೋಬರ್‌ಗೆ ತೆಗೆಯುತ್ತೇನೆ. ಆಗ ಹೇಗೂ ಹುಲಿ ಬಂದಿರುತ್ತದೆ.

ಊರಿನಿಂದ ಶೀಟು ಹೊತ್ತು ತರಬೇಡಿ, ಇಲ್ಲಿ ಪೇಟೆ ನಡುವಿನ ಹಂಪನಕಟ್ಟೆಯಲ್ಲಿ ಎಲ್ಲ ಸಿಗುತ್ತದೆ. ದೊಡ್ಡ ಪ್ಲಾಸ್ಟಿಕ್ ಡಬ್ಬ, ಗಟ್ಟಿ ಮುಚ್ಚಳದ್ದು, ಎರಡು ತನ್ನಿ. ಮತ್ತೆ ಮೊದಲ ದಿನ ಮಕ್ಕಳಿಗೆ ಶೀಟು ಅಂತಲೇ ಹೇಳಿ. ಇಲ್ಲ, ಬೇಡ. ಹಾಳೆ ಅಂತಲೇ ಹೇಳಿ, ಯಾರು ಎಂತ ತರುತ್ತಾರೆ ಅಂತ ನನಗೂ ತಿಳಿಸಿ.