ಹಳೇ ಜೀಪಿನ ಗೇರ್ ಬಾಕ್ಸ್ ಬಿಚ್ಚುವ ಮುಂಚೆ

ನೀವು ಹೇಳಿರುವ ತೊಂದರೆ ಎರಡು. ಗಾಡಿ ಓಡುತ್ತಿರುವಾಗ ಮೊದಲ ಗೇರಿಗೆ ಇಳಿಸಿದರೆ ಕರಕರ ಶಬ್ದ. ಫೋರ್ ವ್ಹೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ) ಹಾಕಿಕೊಂಡು ಟಾರ್ ರಸ್ತೆಗೆ ಬಂದರೆ ಅದರ ಲಿವರ್ ವಾಪಸ್ ಬರುವುದಿಲ್ಲ. ಮೆಕ್ಯಾನಿಕ್ ಬಾಕ್ಸ್ ಇಳಿಸೋಣ ಅಂದಿದ್ದಾರೆ. ದಯವಿಟ್ಟು ಒಂದು ವಾರ ತಡೆಯಿರಿ. ಎರಡೂ ನನಗೆ ಆಗಿದೆ, ಎರಡು ಸಲವೂ ಬಾಕ್ಸ್ ಚೆನ್ನಾಗಿಯೇ ಇತ್ತು.

ನಾನು ಕಲಿತದ್ದು ಚಿಕ್ಕಪ್ಪನ ವಿಲ್ಲಿಸ್ ಎಂಬಿ ಜೀಪಿನಲ್ಲಿ. 1941ರಿಂದ 1945ರವರೆಗೆ ಯುದ್ಧಕ್ಕೆಂದೇ ತಯಾರಾದ ಗಾಡಿ. 2.2 ಲೀಟರ್ ಪೆಟ್ರೋಲ್ ಇಂಜಿನ್, 60 ಅಶ್ವಶಕ್ತಿ, ಮುಂದಕ್ಕೆ ಮೂರೇ ಗೇರ್. ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಪೆಟ್ರೋಲ್ ತುಂಬಿಸಬೇಕಾದರೆ ಇಳಿದು ಕುಶನ್ ಎತ್ತಬೇಕು. ಬಿಸಿಲಿಗೆ ಕಾದ ಕ್ಯಾನ್ವಾಸ್ ಮತ್ತು ಪೆಟ್ರೋಲ್ ಸೇರಿದ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಎಡಗಾಲು ತಾನಾಗಿ ಕ್ಲಚ್ ಹುಡುಕುತ್ತದೆ.

ಆ ಬಾಕ್ಸಿನಲ್ಲಿ ಎರಡು, ಮೂರನೇ ಗೇರಿಗೆ ಸಿಂಕ್ರೊ (ಹಲ್ಲು ಕೂಡುವ ಮೊದಲು ಎರಡೂ ಕಡೆಯ ವೇಗ ಸಮ ಮಾಡುವ ರಿಂಗ್) ಇದೆ, ಮೊದಲನೆಯದಕ್ಕೆ ಇಲ್ಲ. ಲ್ಯಾಂಡ್ ರೋವರಿನಲ್ಲಂತೂ 1971ರಲ್ಲಿ ಸೀರೀಸ್ 3 ಬರುವ ತನಕ ಮೊದಲ ಎರಡು ಗೇರಿಗೂ ಇರಲಿಲ್ಲ. ಹಾಗಾಗಿ ಆ ಶಬ್ದ ಸವೆತದ್ದೇ ಆಗಬೇಕಿಲ್ಲ. ಗಾಡಿ ಡಬಲ್ ಕ್ಲಚ್ ಕೇಳುತ್ತಿದೆ, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್, ಅಷ್ಟೇ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಕ್ಲಚ್ ಪೂರ್ತಿ ಬಿಡಿ. ಆಕ್ಸಿಲರೇಟರ್ ಒಂದು ಸಲ ಕೊಟ್ಟು ಇಂಜಿನ್ ಸ್ವಲ್ಪ ಏರಿಸಿ. ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಿ. ಎಷ್ಟು ಏರಿಸಬೇಕು ಅನ್ನುವುದನ್ನು ಬರೆದು ತಿಳಿಸಲು ಆಗುವುದಿಲ್ಲ. ಚಿಕ್ಕಪ್ಪ ನನ್ನ ಕೈ ಮೇಲೆ ಕೈ ಇಟ್ಟು, "ತಳ್ಳಬೇಡ ಪುಟ್ಟ, ಸುಮ್ನೆ ಒರಗಿಸಿ ಹಿಡಿ, ಅದೇ ಒಳಗೆ ಎಳ್ಕೊಳುತ್ತೆ" ಅನ್ನುತ್ತಿದ್ದರು. ನಾಲ್ಕೈದು ದಿನ ಬರೀ ಕರಕರ. ಆಮೇಲೊಂದು ಬೆಳಿಗ್ಗೆ ಲಿವರ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಲಿವರಿನ ಗುಂಡಿಯ ಮೇಲೆ ಬೆರಳಿಗೆ ಒಂದು ಸಣ್ಣ 'ಟಕ್' ತಾಗಿತು, ಶಬ್ದವೇ ಇಲ್ಲ. ನಿಮಗೂ ಅದು ಸಿಗಬೇಕು ಅಂತ ನನ್ನ ಆಸೆ.

ಇನ್ನು ಸಿಕ್ಕಿಕೊಳ್ಳುವ ಲಿವರ್. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡುತ್ತದೆ. ಕೆಸರು, ಮರಳಿನಲ್ಲಿ ಟೈರ್ ಜಾರಿ ಅದು ಸರಿಹೋಗುತ್ತದೆ. ಟಾರಿನಲ್ಲಿ ಜಾರಲು ಜಾಗವಿಲ್ಲ, ಆ ತಿರುಚು ಎಲ್ಲಾ ಶಾಫ್ಟ್ ಮತ್ತು ಹಲ್ಲುಗಳಲ್ಲಿ ಬಿಗಿದು ಕೂರುತ್ತದೆ. ಲಿವರ್ ಮೇಲೆ ಬಲ ಹಾಕಬೇಡಿ. ನೇರವಾಗಿ ಹತ್ತು ಹದಿನೈದು ಅಡಿ ರಿವರ್ಸ್ ಹೋಗಿ, ಬಿಗಿ ಸಡಿಲವಾದಾಗ ತಾನೇ ಬರುತ್ತದೆ. ಮುಂದೆ ಗಟ್ಟಿ ರಸ್ತೆ ಸಿಗುವ ಮೊದಲೇ ತೆಗೆದುಬಿಡಿ.

ಲೋ ರೇಂಜ್, ಅಂದರೆ ಎಲ್ಲಾ ಗೇರನ್ನೂ ಇನ್ನಷ್ಟು ನಿಧಾನ ಮಾಡಿ ಬಲ ಹೆಚ್ಚಿಸುವ ವ್ಯವಸ್ಥೆ, ಅದರ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದನ್ನು ಗಾಡಿ ಸಿಕ್ಕಿಹಾಕಿಕೊಂಡ ಮೇಲಲ್ಲ, ಮೊದಲೇ ಹಾಕಿ. ಎಂಬಿಯಲ್ಲಿ ಲೋ ರೇಂಜಿನ ಮೊದಲ ಗೇರಿಗೆ ಇಂಜಿನ್ ಸುಮಾರು 25 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಕಡಿದಾದ ಇಳಿಜಾರಿನಲ್ಲಿ ಕ್ಲಚ್ ಮುಟ್ಟಬೇಡಿ, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಏರಿನ ಮಧ್ಯೆ ಇಂಜಿನ್ ಆಫ್ ಆದರೆ ಗಾಡಿಯನ್ನು ಅಡ್ಡ ತಿರುಗಿಸುವ ಯೋಚನೆ ಬೇಡವೇ ಬೇಡ, ಪಲ್ಟಿ ಹೊಡೆಯುತ್ತದೆ. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಡಿ. ಬ್ರೇಕ್ ನಿಧಾನ ಸಡಿಲಿಸಿ ಗೇರಿನಲ್ಲೇ ಸ್ಟಾರ್ಟ್ ಮಾಡಿ, ನೇರ ಹಿಂದಕ್ಕೆ ಇಳಿಯಿರಿ. ಇದನ್ನು ಮೊದಲು ಸಣ್ಣ ಏರಿನಲ್ಲಿ ಅಭ್ಯಾಸ ಮಾಡಿ.

ಹೆಬ್ಬೆರಳು ಸ್ಟಿಯರಿಂಗ್ ಒಳಗೆ ಸುತ್ತಬೇಡಿ, ರಿಮ್ಮಿನ ಮೇಲೆ ಇಡಿ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟಿಯರಿಂಗ್ ಗಿರ್ರನೆ ತಿರುಗುತ್ತದೆ. ನನ್ನ ಎಡ ಹೆಬ್ಬೆರಳು ಮೂರು ವಾರ ಊದಿಕೊಂಡಿತ್ತು.

ನೀರು ದಾಟಿದ ಮೇಲೆ ಬ್ರೇಕ್ ಹಗುರವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ. ಒದ್ದೆ ಬ್ರೇಕ್ ಡ್ರಮ್ ಹಿಡಿಯುವುದಿಲ್ಲ. ಆಕ್ಸಲ್ ಎಣ್ಣೆಯನ್ನೂ ನೋಡಿ, ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ.

ಬಾಕ್ಸ್ ಬಗ್ಗೆ ಇನ್ನೂ ಅನುಮಾನ ಇದ್ದರೆ ಇಳಿಸುವ ಬದಲು ಮೊದಲು ಎಣ್ಣೆ ಇಳಿಸಿ ನೋಡಿ. ಹಿತ್ತಾಳೆ ಪುಡಿಯಂಥ ಸಣ್ಣ ಮಿನುಗು ಸಿಂಕ್ರೊ ರಿಂಗಿನದು, ಅಷ್ಟಕ್ಕೇ ಹೆದರಬೇಡಿ. ಉಕ್ಕಿನ ಚೂರು ಬಂದರೆ ಮಾತ್ರ ಬಿಚ್ಚಿಸಿ. ಹೊಸ ಗೇರ್ ಎಣ್ಣೆ 90 ನಂಬರಿನದು (ಅದು ಎಣ್ಣೆ ಎಷ್ಟು ಮಂದ ಅನ್ನುವ ಲೆಕ್ಕ), ಜಿಎಲ್-4 ದರ್ಜೆಯದೇ ಹಾಕಿ. ಜಿಎಲ್-5ರಲ್ಲಿ ಗಂಧಕದ ಅಂಶ ಜಾಸ್ತಿ, ಹಳೇ ಹಿತ್ತಾಳೆ ಭಾಗಗಳನ್ನು ತಿನ್ನಬಹುದು. ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ಬೆಳಕಿನಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.